ಮಂಗಳವಾರದವರು, ಗುರುವಾರದವರು

ನಮ್ಮ ಮೇಡಂ ಯಾರ ಮಾತನ್ನೂ ಪೂರ್ತಿ ಕೇಳಿದವರಲ್ಲ. ಮಾತು ಕೇಳುವುದೇ ಅವರ ಕಸುಬಾಗಿತ್ತು ಎಂಬುದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಗೋಡೆಯ ಗಡಿಯಾರದಲ್ಲಿ ಐದೂವರೆ ಆಯಿತೆಂದರೆ ಮುಗಿಯಿತು. ಎದುರಿಗಿದ್ದವರು ಅಳುತ್ತಿರಲಿ, ಕೂಗಾಡುತ್ತಿರಲಿ, ಮಾತು ಅರ್ಧ ನಾಲಿಗೆಯ ಮೇಲಿರಲಿ, "ಸಮಯ ಆಯ್ತು" ಎಂದು ಸೆರಗು ಸರಿಮಾಡಿಕೊಂಡು ಎದ್ದುಬಿಡುತ್ತಿದ್ದರು. ಮೊದಮೊದಲು ನಾನು ಇದನ್ನು ಜಂಬ ಎಂದುಕೊಂಡಿದ್ದೆ. ಆಮೇಲೆ ಹಟ ಎಂದುಕೊಂಡೆ. ಅವರು ಲಿಂಗೈಕ್ಯರಾಗಿ ಕೆಲವು ತಿಂಗಳಾಗಿವೆ, ಏನೆಂದುಕೊಳ್ಳಬೇಕು ಎನ್ನುವುದು ನನಗೆ ಇನ್ನೂ ತೀರ್ಮಾನವಾಗಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೋಣೆಯ ಹೊರಗೆ ಯಾರ ಹೆಸರೂ ಬರಬಾರದು ಎನ್ನುವುದು ಅವರದೇ ನಿಯಮ. ಆ ನಿಯಮವನ್ನು ಅವರ ತಲೆಗೇ ಕಟ್ಟುತ್ತಿದ್ದೇನೆ, ನನಗೆ ಅಷ್ಟಾದರೂ ಸಮಾಧಾನ ಬೇಡವೇ? ತೊಂಬತ್ತರ ದಶಕದ ನಡುವೆ ಮೈಸೂರಿನ ಒಂದು ಧರ್ಮಾರ್ಥ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ಅವರು ಮನಃಶಾಸ್ತ್ರಜ್ಞೆ, ನಾನು ಸೋಷಿಯಲ್ ವರ್ಕರ್. ಗಂಜಿ ಹಾಕಿದ ಹತ್ತಿ ಸೀರೆ, ಹಣೆಯಲ್ಲಿ ತೆಳ್ಳಗೆ ವಿಭೂತಿ, ಬಾಯಲ್ಲಿ ಸದಾ ಒಂದು ಲವಂಗ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಳೆಯ ಲೂನಾ ಹತ್ತಿದರೆ ಅದರ ಸದ್ದು ಅವರಿಗಿಂತ ಮುಂಚೆ ಆಸ್ಪತ್ರೆಗೆ ಬರುತ್ತಿತ್ತು. ಮದುವೆಯಾಗಿರಲಿಲ್ಲ, ತಮ್ಮನ ಸಂಸಾರದ ಜೊತೆ ಇದ್ದರು. ತಂದೆಗೆ ಸಂತೇಪೇಟೆಯಲ್ಲಿ ಬೆಲ್ಲದ ಮಂಡಿ ಇತ್ತಂತೆ.

"ಅಂಗಡಿ ಮಗಳು ಕಣ್ರೀ ನಾನು," ಎಂದು ಮಾತುಮಾತಿಗೂ ಹೇಳುವರು. "ತೂಕ ಹಾಕೋವಾಗ ತಟ್ಟೆ ಮೇಲೆ ಬೆರಳಿಟ್ಟೋನನ್ನ ನಮ್ಮಪ್ಪ ಮತ್ತೆ ಅಂಗಡಿ ಮೆಟ್ಲು ಹತ್ತುಸ್ತಿರ್ಲಿಲ್ಲ."

ಈ ಮಾತು ಮುಂದೆ ನಮ್ಮೆಲ್ಲರ ತಲೆಯ ಮೇಲೆ ಬಂತು. ಅದಕ್ಕೆ ಮೊದಲು ಅವರು ಮಾಡುತ್ತಿದ್ದ ಕೆಲಸ ಏನೆಂದು ಹೇಳಬೇಕು.

ಕೆಲವರಿರುತ್ತಾರೆ, ನಿಮ್ಮ ಬೀದಿಯಲ್ಲೂ ಒಬ್ಬರಿರಬಹುದು. ಯಾರ ಜೊತೆಗೂ ಹೊಂದಿಕೆಯಿಲ್ಲ. ಇವತ್ತು ನಿಮ್ಮನ್ನು ದೇವರು ಎನ್ನುತ್ತಾರೆ, ನಾಳೆ ಫೋನ್ ಎತ್ತಲಿಲ್ಲವೆಂದು ಜನ್ಮದ ಶತ್ರು ಮಾಡಿಕೊಳ್ಳುತ್ತಾರೆ. ಕೆಲಸ ಉಳಿಯುವುದಿಲ್ಲ, ಮದುವೆ ಉಳಿಯುವುದಿಲ್ಲ, ಸಿಟ್ಟು ಬಂದರೆ ತಮ್ಮ ಕೈಯನ್ನೇ ಕೊಯ್ದುಕೊಳ್ಳುತ್ತಾರೆ. ನಮ್ಮ ಕಡೆ "ಅವನ ಬುದ್ಧಿನೇ ಅಷ್ಟು" ಎಂದು ಹೇಳಿ ಕೈ ತೊಳೆದುಕೊಳ್ಳುವುದು ರೂಢಿ. ವೈದ್ಯರ ಭಾಷೆಯಲ್ಲಿ ಇದಕ್ಕೆ ಪರ್ಸನಾಲಿಟಿ ಡಿಸಾರ್ಡರ್ ಎನ್ನುತ್ತಾರೆ, ವ್ಯಕ್ತಿತ್ವದ ದೋಷ. ಆ ಹೆಸರು ಕಂಡರೆ ಮೇಡಂಗೆ ಆಗುತ್ತಿರಲಿಲ್ಲ. "ಜ್ವರ ಆದ್ರೆ ಬಂತು ಅಂತೀವಿ, ಹೋಯ್ತು ಅಂತೀವಿ. ಇದು ಬಂದದ್ದಲ್ಲ, ಇವರು ಬೆಳೆದದ್ದೇ ಹೀಗೆ. ಜನರ ಮಧ್ಯೆ ಕೆಟ್ಟದ್ದು ಜನರ ಮಧ್ಯೆನೇ ರಿಪೇರಿ ಆಗ್ಬೇಕು," ಎನ್ನುವರು. ಹಾಗಾಗಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುವ ಬದಲು ಎಂಟು ಜನರನ್ನು ಒಂದು ಕೋಣೆಯಲ್ಲಿ ದುಂಡಗೆ ಕೂರಿಸಿ ವಾರಕ್ಕೊಮ್ಮೆ ಮಾತಾಡಿಸುತ್ತಿದ್ದರು. ಸಹಾಯಕ್ಕೆ ನಾನು.

ಇದು ಎಷ್ಟು ಕಾಲ ನಡೆಯಬೇಕು ಎನ್ನುವುದು ಅವರನ್ನು ಕಾಡುತ್ತಿದ್ದ ಪ್ರಶ್ನೆ. ಐದು ತಿಂಗಳು ಸಾಕೇ, ಮೂರು ವರ್ಷ ಬೇಕೇ? ಪುಸ್ತಕಗಳಲ್ಲಿ ಎರಡೂ ಬರೆದಿತ್ತಂತೆ. ಅವರು ನಮ್ಮೂರಿನಲ್ಲೇ ತೂಗಿ ನೋಡುವುದೆಂದು ನಿರ್ಧರಿಸಿದರು. ಎರಡು ಗುಂಪು: ಮಂಗಳವಾರದ್ದು ಐದು ತಿಂಗಳು, ಗುರುವಾರದ್ದು ಮೂರು ವರ್ಷ. ಯಾರು ಯಾವುದಕ್ಕೆ ಎಂದು ತಾವು ಆರಿಸಿದರೆ ತಟ್ಟೆಯ ಮೇಲೆ ಬೆರಳಿಟ್ಟ ಹಾಗೆ. ಅದಕ್ಕೇ ಒಂದು ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿ, ಬಂದವರ ಕೈಯಿಂದಲೇ ಎತ್ತಿಸಿದರು. ಮಂಗಳವಾರ ಬಂದವರು ತಮಗೆ ಕಾಯಿಲೆ ಕಡಿಮೆ ಎಂದು ಹಿಗ್ಗಿದರು. ಗುರುವಾರ ಬಂದವರ ಮುಖ ನೋಡುವ ಹಾಗಿರಲಿಲ್ಲ. "ಅಂದ್ರೆ ನಂಗೆ ಜಾಸ್ತಿ ಕೆಟ್ಟಿದೆ ಅಂತಾನಾ?" ಎಂದು ಟೀಚರಾಗಿದ್ದ ಒಬ್ಬಾಕೆ ಅಲ್ಲೇ ಎದ್ದು ಹೊರಟಿದ್ದರು. ಚೀಟಿ ಅಷ್ಟೇ, ಅದೃಷ್ಟ ಅಷ್ಟೇ ಎಂದು ನಾನು ಕಾರಿಡಾರಿನುದ್ದಕ್ಕೂ ಅವರ ಹಿಂದೆ ಹೋಗಿ ಹೇಳಬೇಕಾಯಿತು. ಮೇಡಂ ಕುರ್ಚಿಯಿಂದ ಅಲುಗಲಿಲ್ಲ.

ನಿಯಮಗಳು ಎರಡು ಗುಂಪಿಗೂ ಒಂದೇ. ಕೋಣೆಯಲ್ಲಿ ಆಡಿದ್ದು ಕೋಣೆಯಲ್ಲೇ ಇರಬೇಕು. ಮತ್ತು ಗುಂಪು ನಡೆಯುತ್ತಿರುವಷ್ಟು ಕಾಲ ಹೊರಗೆ ಎಲ್ಲೇ ಸಿಕ್ಕರೂ ಒಬ್ಬರನ್ನೊಬ್ಬರು ಮಾತಾಡಿಸಬಾರದು. "ಆಚೆ ಇಬ್ರು ಸೇರ್ಕೊಂಡ್ರೆ ಒಳಗೆ ಮೂರನೆಯವರಿಗೆ ಜಾಗ ಇರಲ್ಲ. ನಾನು ಮುಗೀತು ಅಂದ ದಿನದಿಂದ ನಿಮ್ಮಿಷ್ಟ."

ಮೈಸೂರಿನಂಥ ಊರಿನಲ್ಲಿ ಈ ನಿಯಮ. ಬೆಳಿಗ್ಗೆ ಹಾಲಿಗೆ ಹೋದರೆ ನಾಲ್ಕು ಜನ, ಸಂಜೆ ಮಾರ್ಕೆಟ್ಟಿಗೆ ಹೋದರೆ ಹತ್ತು ಜನ ಗುರುತಿನವರು ಸಿಗುವ ಊರು ಇದು. ಒಂದು ಹಬ್ಬದ ಹಿಂದಿನ ದಿನ ದೇವರಾಜ ಮಾರುಕಟ್ಟೆಯಲ್ಲಿ ನಾನೇ ಕಣ್ಣಾರೆ ನೋಡಿದೆ. ಆ ಟೀಚರೂ, ಗುರುವಾರದ ಗುಂಪಿನವರೇ ಆದ ಮಂಡಕಳ್ಳಿಯ ಯಜಮಾನರೊಬ್ಬರೂ ಒಂದೇ ಬಾಳೆಹಣ್ಣಿನ ಅಂಗಡಿಯ ಮುಂದೆ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ನಿಂತಿದ್ದರು. ಇಬ್ಬರೂ ಬಾಳೆಗೊನೆಯನ್ನು ಎಂದೂ ಕಾಣದವರಂತೆ ನೋಡುತ್ತಿದ್ದರು. ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಮಂಡಕಳ್ಳಿಯವರು ಹೆಂಡತಿಯನ್ನೂ ನಂಬದ ಮನುಷ್ಯ. ಅಣ್ಣತಮ್ಮಂದಿರ ಮೇಲೆಲ್ಲ ಕೇಸು ಹಾಕಿಕೊಂಡು, ಊಟಕ್ಕೆ ಕೂತರೆ ಗೋಡೆಗೆ ಬೆನ್ನು ಕೊಟ್ಟೇ ಕೂರುವವರು. ಅಂಥವರು ಜೀವನದಲ್ಲಿ ಮೊದಲ ಬಾರಿ ಯಾರನ್ನೋ ಗುರುತು ಹಿಡಿದು ನಿಂತಿದ್ದಾರೆ, ಮಾತಾಡುವ ಹಾಗಿಲ್ಲ.

ಮಾರನೆಯ ದಿನ ಇದನ್ನು ಮೇಡಂಗೆ ಹೇಳಿ ವಾದಕ್ಕೆ ನಿಂತೆ.

"ಬಾಳೆಹಣ್ಣು ತಗೊಂಡ್ರಾ?" ಎಂದರು.

"ತಗೊಂಡ್ರು."

"ಇಬ್ರೂ?"

"ಹೂಂ, ಇಬ್ರೂ."

"ಓಡಿಹೋಗ್ಲಿಲ್ಲ ತಾನೆ. ಸಾಕು, ಗುರುವಾರ ಒಳಗೆ ಬಂದು ಮಾತಾಡ್ತಾರೆ ಬಿಡಿ."

ಗುರುವಾರ ನಿಜಕ್ಕೂ ಮುಕ್ಕಾಲು ಗಂಟೆ ಅದೇ ಮಾತು ನಡೆಯಿತು. ಮಂಡಕಳ್ಳಿಯವರು ಟೀಚರನ್ನು ನೋಡಿ, "ನನ್ ಕಂಡ್ರೆ ಅಸಯ್ಯ ಅನ್ಕಂಡ್ರೇನೋ ಅಂತ ರಾತ್ರೆಲ್ಲಾ ನಿದ್ದೆ ಬರ್ಲಿಲ್ಲ," ಎಂದರು. ಟೀಚರ್ ಜೋರಾಗಿ ನಕ್ಕು, ತಮಗೂ ಹಾಗೇ ಅನಿಸಿತೆಂದರು. ಆ ಮನುಷ್ಯ ಅಂಥ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮೇಡಂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ನನಗೆ ಇನ್ನೂ ಕೋಪ ಬರುತ್ತಿತ್ತು.

ಟೀಚರದು ಇನ್ನೊಂದು ಪರಿ. ಬಾಗಿಲ ಪಕ್ಕದ ಕುರ್ಚಿಯೇ ಅವರಿಗೆ ಬೇಕು. ಸಿಟ್ಟು ಬಂದಾಗ ಎದ್ದು ಹೋಗಲು ಅನುಕೂಲ. ತಿಂಗಳುಗಟ್ಟಲೆ ಹೆಚ್ಚು ಮಾತಿಲ್ಲದೆ ಕೂತಿದ್ದವರು ಒಂದು ಗುರುವಾರ, ಇನ್ನೇನು ಐದೂವರೆ ಎನ್ನುವಾಗ, "ನಮ್ಮಮ್ಮ ನನ್ನ ಒಂದಿನ ಬಾವಿ ಕಟ್ಟೆ ಮೇಲೆ ಕೂರಿಸಿ..." ಎಂದು ಶುರುಮಾಡಿದರು. ಮೇಡಂ ಗಡಿಯಾರ ನೋಡಿ, "ಸಮಯ ಆಯ್ತು," ಎಂದರು. ಟೀಚರ್ ಬಾಗಿಲನ್ನು ಬಡಿದ ರಭಸಕ್ಕೆ ಕ್ಯಾಲೆಂಡರ್ ಕೆಳಗೆ ಬಿತ್ತು.

ಅವತ್ತು ನಾನು ಬಾಯಿಗೆ ಬಂದದ್ದನ್ನು ಅಂದೆ. ಮನುಷ್ಯತ್ವ ಬೇಡವೇ, ಐದು ನಿಮಿಷ ಹೆಚ್ಚಾದರೆ ಯಾರ ಗಂಟು ಹೋಗುತ್ತಿತ್ತು, ಆಕೆ ಇನ್ನು ಈ ಕಡೆ ತಲೆ ಹಾಕಿದರೆ ಕೇಳಿ ಎಂದೆ. ಅವರು ಡಬ್ಬಿ ತೆಗೆದು ಮೊಸರನ್ನ ತಿನ್ನಲು ಕೂತರು. ಮಧ್ಯಾಹ್ನ ಊಟ ಮಾಡಲು ಪುರಸೊತ್ತಾಗಿರಲಿಲ್ಲ.

"ಮುಖ್ಯವಾದ್ದನ್ನ ಕೊನೇ ನಿಮಿಷಕ್ಕೆ ಎಸೆದು ಓಡೋದು ಅವಳಿಗೆ ಅಭ್ಯಾಸ. ಗಂಡನ ಹತ್ರನೂ ಹಾಗೇ ಮಾಡಿದಾಳೆ, ಹೆಡ್ಮಿಸ್ಸು ಹತ್ರನೂ ಹಾಗೇ. ನಾನು ಕೂತ್ಕೊಂಡು ಕೇಳಿದ್ರೆ ಆ ಓಡೋದಕ್ಕೆ ನಾನೂ ಕೈ ಜೋಡಿಸಿದ ಹಾಗಾಗುತ್ತೆ. ಮುಂದಿನ ಗುರುವಾರ ಬಾಗಿಲು ಇರುತ್ತಲ್ಲ, ಬರ್ತಾಳೆ. ಉಪ್ಪಿನಕಾಯಿ ಬೇಕಾ?"

ಟೀಚರ್ ಮುಂದಿನ ಗುರುವಾರ ಬರಲಿಲ್ಲ. ಅದರ ಮುಂದಿನ ಗುರುವಾರ ಬಂದರು. ನಾಲ್ಕು ಗಂಟೆಗೆ, ಇನ್ನೂ ಎಲ್ಲರೂ ಕೂರುವ ಮೊದಲೇ, ಬಾವಿಯ ಕಥೆಯನ್ನು ಮೊದಲಿನಿಂದ ಹೇಳಿದರು. ಆಮೇಲೆ ಐದೂವರೆಯವರೆಗೂ ಕೂತಿದ್ದರು. ನಾನು ಉಪ್ಪಿನಕಾಯಿಯ ವಿಷಯ ಎತ್ತಲಿಲ್ಲ, ಮೇಡಂ ಕೂಡ ಎತ್ತಲಿಲ್ಲ.

ಮಂಗಳವಾರದವರ ಐದು ತಿಂಗಳು ಬೇಗ ಮುಗಿಯಿತು. ಕೊನೆಯ ದಿನ ಯಾವುದೆಂದು ಮೊದಲ ದಿನವೇ ಹೇಳಿದ್ದರು, ನಡುನಡುವೆಯೂ ನೆನಪಿಸುತ್ತಿದ್ದರು. ಆ ಗುಂಪಿನಲ್ಲಿ ಅಗ್ರಹಾರದ ಒಬ್ಬ ಗೃಹಿಣಿ ಇದ್ದರು. ಮೈಮೇಲೆ ಗಾಯ ಮಾಡಿಕೊಂಡು ಆಸ್ಪತ್ರೆಗೆ ಬಂದಿದ್ದವರು. ಮೇಟಗಳ್ಳಿಯ ಕಾರ್ಖಾನೆಯ ಕಾರ್ಮಿಕರೊಬ್ಬರಿದ್ದರು. ಮಹಾ ಮುಂಗೋಪಿ. ಶಿಫ್ಟ್ ಬದಲಾದಾಗಲೆಲ್ಲ ಯಾರ ಕೈಕಾಲನ್ನೋ ಹಿಡಿದು ಮಂಗಳವಾರದ ಮಧ್ಯಾಹ್ನವನ್ನು ಬಿಡಿಸಿಕೊಂಡು ಬರುತ್ತಿದ್ದರು. ಕೊನೆಯ ದಿನ ಅಗ್ರಹಾರದಾಕೆ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ರವಿಕೆ ಕಣ ಇಟ್ಟುಕೊಂಡು ಬಂದು ಅಂಜುತ್ತ ಮೇಡಂ ಮುಂದೆ ನಿಂತರು. ಬೇರೆ ದಿನ ಒಂದು ಲೋಟ ನೀರನ್ನೂ ಯಾರ ಕೈಯಿಂದಲೂ ಮುಟ್ಟದ ಮೇಡಂ ಅವತ್ತು ಸೆರಗೊಡ್ಡಿ ತಗೊಂಡರು. "ಇವತ್ತು ತಗೋಬಹುದು. ಇವತ್ತು ಮುಗೀತು," ಎಂದರು. ಆಮೇಲೆ ಒಬ್ಬೊಬ್ಬರ ಕಡೆಗೂ ತಿರುಗಿ ಹೆಸರು ಹಿಡಿದು ಮುಗೀತು ಎಂದರು. ಮೇಟಗಳ್ಳಿಯವರು ಗಟ್ಟಿಯಾಗಿ ಅತ್ತುಬಿಟ್ಟರು.

ಗುಂಪುಗಳು ಶುರುವಾಗಿ ಎರಡು ವರ್ಷವಾದ ಮೇಲೆ ಎರಡೂ ಕಡೆಯವರನ್ನು ಒಬ್ಬೊಬ್ಬರನ್ನಾಗಿ ಕರೆದು ಅವೇ ಪ್ರಶ್ನೆಗಳನ್ನು ಕೇಳಿದೆವು. ಎಷ್ಟು ಜಗಳ, ಎಷ್ಟು ದಿನ ಕೆಲಸಕ್ಕೆ ಹೋದಿರಿ, ನಿಮ್ಮನ್ನು ನೀವು ನೋಯಿಸಿಕೊಂಡಿರಾ, ಇಂಥವು. ಗುರುವಾರದವರ ಗುಂಪು ಇನ್ನೂ ನಡೆಯುತ್ತಿತ್ತು, ಅವರು ಸುಧಾರಿಸಿದ್ದರು. ಐದೇ ತಿಂಗಳು ಬಂದುಹೋದ ಮಂಗಳವಾರದವರೂ ಅಷ್ಟೇ ಸುಧಾರಿಸಿದ್ದರು. ನನಗೆ ಆಶ್ಚರ್ಯ. ಮೇಡಂಗೆ ಅನುಮಾನ.

ಅನುಮಾನ ಬಗೆಹರಿದದ್ದು ಅಗ್ರಹಾರದಾಕೆ ಬಂದ ದಿನ. ಪ್ರಶ್ನೆಗಳೆಲ್ಲ ಮುಗಿದ ಮೇಲೆ ಆಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿ ಹೇಳಿದರು. ಗುಂಪು ಮುಗಿದ ಮರುವಾರದಿಂದಲೇ ಅವರೆಲ್ಲ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸೇರುತ್ತಿದ್ದರು. ಅದೇ ಮಂಗಳವಾರ, ಅದೇ ನಾಲ್ಕು ಗಂಟೆ. "ಜಗಳನೂ ಆಡ್ತೀವಿ ಮೇಡಂ. ಆದ್ರೆ ಯಾರೂ ಬಿಟ್ಟುಹೋಗಿಲ್ಲ. ಐದೂವರೆಗೆ ಮೇಟಗಳ್ಳಿಯವ್ರು ವಾಚು ನೋಡಿ ಎಬ್ಬುಸ್ತಾರೆ." ಆಮೇಲೆ ಆಕೆಯ ಮುಖ ಬಿಳಿಚಿಕೊಂಡಿತು. ಮನೆಯಲ್ಲಿ ಅವರು ಲಲಿತಾ ಸಹಸ್ರನಾಮಕ್ಕೆ ಹೋಗುತ್ತೇನೆಂದು ಹೇಳಿ ಬರುತ್ತಿದ್ದರು. ಕೆರೆ ಏರಿಯ ಮೇಲೆ ಪರಗಂಡಸರ ಜೊತೆ ಕೂರುತ್ತಾಳೆಂದು ಗೊತ್ತಾದರೆ ಗಂಡ ಹೊಸಿಲು ದಾಟಲು ಬಿಡುವುದಿಲ್ಲ. "ಇದೊಂದನ್ನ ಎಲ್ಲೂ ಹೇಳ್ಬೇಡಿ. ಅದೂ ಹೋದ್ರೆ ನಾನು ಮತ್ತೆ ಮೊದಲಿನ ಥರ ಆಗ್ಬಿಡ್ತೀನಿ."

ಮೇಡಂ, "ಹೆಸರಿಲ್ಲದೆ ಬರೆಯಬಹುದಾ?" ಎಂದು ಕೇಳಿದರು. ಆಕೆ ಬೇಡವೆಂದರು.

ಆಕೆ ಹೋದ ಮೇಲೆ ನಾನು ಕುಣಿದಾಡಿದೆ. ನನ್ನ ಲೆಕ್ಕ ಸರಳವಾಗಿತ್ತು. ಮಂಗಳವಾರದ್ದು ಐದು ತಿಂಗಳಿಗೆ ಮುಗಿದೇ ಇಲ್ಲ, ಅದು ಗುರುವಾರದ್ದಕ್ಕಿಂತ ಗಟ್ಟಿಯಾಗಿ ನಡೆಯುತ್ತಿದೆ. ಅಂದರೆ ಇಂಥವರಿಗೆ ದೀರ್ಘ ಕಾಲ ಬೇಕೇ ಬೇಕು. ಇದನ್ನು ವರದಿಯಲ್ಲಿ ಬರೆದರೆ ಆಯಿತು. ಬರೆಯಬೇಕಾದ ತುರ್ತೂ ಇತ್ತು. ಆಸ್ಪತ್ರೆ ನಡೆಸುವ ಟ್ರಸ್ಟಿನವರು ಸ್ಕ್ಯಾನಿಂಗ್ ಯಂತ್ರ ತರಿಸುವವರಿದ್ದರು, ಅದಕ್ಕೆ ನಮ್ಮ ಕೋಣೆಯ ಮೇಲೆ ಕಣ್ಣಿತ್ತು. ಗುರುವಾರದವರಿಗೆ ಇನ್ನೂ ಒಂದು ವರ್ಷ ಬಾಕಿ. ಟ್ರಸ್ಟಿನ ಕಮಿಟಿ ನಮ್ಮ ವರದಿಗಾಗಿ ಕಾಯುತ್ತಿತ್ತು.

"ಬರಿಯಲ್ಲ," ಎಂದರು ಮೇಡಂ.

"ಹೆಸರು ಬೇಡ, ಅಗ್ರಹಾರ ಬೇಡ, ಸುಮ್ನೆ ಆಚೆ ಸೇರ್ತಿದ್ರು ಅಂತ ಬರೀರಿ."

"ಟ್ರಸ್ಟಿನ ಕಾರ್ಯದರ್ಶಿಗಳ ಮನೆ ಅವಳ ಮನೆಯಿಂದ ಎರಡು ಬಾಗಿಲು ಆಚೆ. ಅವಳ ಗಂಡನಿಗೆ ಈ ಗುಂಪಿನ ವಿಷಯ ಹೇಳಿದ್ದೇ ಅವರು. ಸಂಜೆಯೊಳಗೆ ಜಗಲಿ ಮೇಲೆ ಈ ಮಾತು ಬರುತ್ತೆ. ಕೇಳಿದೆ, ಬೇಡ ಅಂದಳು. ಮುಗೀತು."

"ಹಾಗಾದ್ರೆ ಉದ್ದದ್ದೇ ವಾಸಿ ಅಂತ ಬರೆದುಬಿಡಿ. ಅದು ನಿಜ ತಾನೆ?"

"ನಿಜ ಅಂತ ನಿಮಗೆ ಅನ್ನಿಸ್ತಿದೆ, ನನಗೂ ಅನ್ನಿಸ್ತಿದೆ. ತಕ್ಕಡಿ ಹಾಗೆ ಹೇಳ್ತಿಲ್ಲವಲ್ಲ. ಅಂಗಡಿ ಮಗಳು ಕಣ್ರೀ ನಾನು."

ನಾನು ಕೈಮುಗಿದೆ, ಬೇಡಿದೆ, ಎರಡು ದಿನ ಮಾತು ಬಿಟ್ಟೆ. ಏನೂ ನಡೆಯಲಿಲ್ಲ. ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುತ್ತಿಲ್ಲ, ಆದರೆ ಈ ಹೋಲಿಕೆಯನ್ನು ನಂಬಬಾರದು, ಏಕೆಂದು ಹೇಳುವ ಹಕ್ಕು ನನಗಿಲ್ಲ ಎಂದು ಬರೆದುಕೊಟ್ಟರು. ಕಮಿಟಿಯವರು ಮೊದಲ ಮಾತನ್ನು ಓದಿ ಮಿಕ್ಕಿದ್ದನ್ನು ಬಿಟ್ಟರು. "ಐದು ತಿಂಗಳಲ್ಲಿ ಆಗೋ ಕೆಲಸಕ್ಕೆ ಮೂರು ವರ್ಷ ಯಾಕೆ ಮೇಡಂ?" ಎಂದು ಕಾರ್ಯದರ್ಶಿಗಳು ನಗುನಗುತ್ತ ಕೇಳಿದರಂತೆ. ಇವರು ಬಾಯಲ್ಲಿದ್ದ ಲವಂಗ ಕಡಿದುಕೊಂಡು ಕೂತಿದ್ದಿರಬೇಕು. ಒಬ್ಬಾಕೆಯ ಮಂಗಳವಾರ ಉಳಿಸಲು ಎಂಟು ಜನರ ಗುರುವಾರವನ್ನು ಕೊಟ್ಟರಲ್ಲ ಎಂದು ನನ್ನ ಹೊಟ್ಟೆ ಈಗಲೂ ಉರಿಯುತ್ತದೆ. ಅವರ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಯಾರಾದರೂ ಕೇಳಿದರೆ ಇನ್ನೂ ಉರಿಯುತ್ತದೆ.

ಕೋಣೆ ಖಾಲಿ ಮಾಡಲು ತಿಂಗಳ ಕೊನೆಯವರೆಗೆ ಕಾಲ ಕೊಟ್ಟಿದ್ದರು. ಅಷ್ಟರೊಳಗೆ ಗುಂಪನ್ನು ಸರಿಯಾಗಿ ಮುಗಿಸಬಹುದು ಎಂದು ಮೇಡಂ ಲೆಕ್ಕ ಹಾಕಿಕೊಂಡಿದ್ದರು. ಯಂತ್ರ ಮುಂಚೆಯೇ ಬಂತು. ಒಂದು ಗುರುವಾರ ನಾಲ್ಕು ಗಂಟೆಗೆ ಗುಂಪಿನವರು ಬಂದರೆ ಬಾಗಿಲಿಗೆ ಬೇರೆ ಬೀಗ. ಒಳಗೆ ಗೋಡೆ ಒಡೆಯುವ ಸದ್ದು. ಅದೇ ಹೊತ್ತಿಗೆ ಮೇಡಂ ಅವರನ್ನೂ ನನ್ನನ್ನೂ ಕಾರ್ಯದರ್ಶಿಗಳು ತಮ್ಮ ಕೋಣೆಯಲ್ಲಿ ಕೂರಿಸಿಕೊಂಡು ಕಾಫಿ ಕೊಡುತ್ತಿದ್ದರು. ನಾವು ಬಿಡಿಸಿಕೊಂಡು ಓಡಿಬರುವ ಹೊತ್ತಿಗೆ ಕಾರಿಡಾರ್ ಖಾಲಿಯಾಗಿತ್ತು. ಎಂಟೂ ಜನ ಬಂದು ಒಂದಷ್ಟು ಹೊತ್ತು ಕಾದರು, ಆಮೇಲೆ ಒಬ್ಬೊಬ್ಬರಾಗಿ ಹೋದರು ಎಂದು ಜವಾನ ಹೇಳಿದ. "ಒಬ್ರಿಗೊಬ್ರು ಒಂದ್ ಮಾತೂ ಆಡ್ಲಿಲ್ಲ ಸಾರ್, ಎಂಗೆ ನಿಂತಿದ್ರೋ ಅಂಗೇ ಒಂಟೋದ್ರು." ಕಾರಿಡಾರು ಕೋಣೆಯ ಹೊರಗಿತ್ತಲ್ಲ.

ಅವತ್ತು ಮೇಡಂ ಮೊದಲ ಬಾರಿ ಗೋಡೆಗೆ ಒರಗಿ ನಿಂತರು. ನನಗೆ ಅವರ ಮೇಲೆ ಕನಿಕರ ಹುಟ್ಟಿದ್ದು ಆಗ. ಅದು ಹೆಚ್ಚು ದಿನ ಉಳಿಯಲು ಅವರು ಬಿಡಲಿಲ್ಲ.

ಎಲ್ಲರನ್ನೂ ಒಂದೇ ಒಂದು ಸಲ ಸೇರಿಸಿ ಮುಗಿಸಿಬಿಡೋಣ ಎಂದು ನಾನು ಅಂದೆ. ಕಾಗದ ಬರೆಯೋಣವೆಂದರೆ, "ಮನೆಗೆ ಹೋದ ಕಾಗದ ಯಾರು ಒಡೀತಾರೋ," ಎಂದರು. ನಮ್ಮ ಮನೆಗೆ ಕರೆಯೋಣವೆಂದರೆ, "ನಿಮ್ಮನೆ ನಡುಮನೆ ಬೀದಿಗೆ ಕಾಣುತ್ತೆ," ಎಂದರು. ಅವರ ಮನೆ ಎಂದರೆ, "ಮನೆಗೆ ಕರೆದರೆ ಅವರು ನೆಂಟರಾಗ್ತಾರೆ," ಎಂದರು. ಆ ಕೋಣೆಯಲ್ಲದಿದ್ದರೆ ಅಂಥದೇ ಇನ್ನೊಂದು ಕೋಣೆ ಬೇಕು, ಬಾಗಿಲು ಹಾಕುವಂತಿರಬೇಕು, ಕುರ್ಚಿಗಳು ದುಂಡಗಿರಬೇಕು. ಟ್ರಸ್ಟಿಗೆ ಅರ್ಜಿಯ ಮೇಲೆ ಅರ್ಜಿ ಕೊಟ್ಟರು, ಒಂದು ದಿನದ ಒಂದೂವರೆ ಗಂಟೆಗೆ. ನೋಡೋಣ ಎಂದರು, ಯೋಚಿಸೋಣ ಎಂದರು. ಐದು ತಿಂಗಳದ್ದನ್ನಾದರೂ ನಡೆಸುತ್ತೇವೆ ಎಂದಿದ್ದ ಟ್ರಸ್ಟಿನವರು ಅದನ್ನೂ ನಡೆಸಲಿಲ್ಲ. ಮೇಡಂ ನಿವೃತ್ತರಾದರು. ನಾನೂ ಆದೆ. ಆಮೇಲೂ ಸಿಕ್ಕಾಗಲೆಲ್ಲ, "ಒಂದು ರೂಮು ಸಿಕ್ಕಿದ್ರೆ ನೋಡ್ರೀ," ಎನ್ನುವರು. ನಾನು ಹೂಂ ಎಂದು ಹಲ್ಲು ಕಚ್ಚುತ್ತಿದ್ದೆ. ಬಾಗಿಲಿರುವ ಒಂದು ಕೋಣೆ ಇಷ್ಟು ದೊಡ್ಡ ಊರಿನಲ್ಲಿ ಸಿಗಲಿಲ್ಲವೆಂದರೆ ಯಾರಾದರೂ ನಂಬುತ್ತಾರೆಯೇ? ಸಿಕ್ಕವು. ಅವರಿಗೆ ಯಾವುದೂ ಒಪ್ಪಿಗೆಯಾಗಲಿಲ್ಲ.

ಕಳೆದ ವರ್ಷದ ಕೊನೆಗೆ ಒಂದು ಬೆಳಿಗ್ಗೆ ಪೂಜೆಗೆ ಕೂತವರು ಏಳಲಿಲ್ಲ. ಶಿವಗಣಾರಾಧನೆ ಮಠದ ಹಾಲ್‌ನಲ್ಲಿತ್ತು. ದಿನಪತ್ರಿಕೆಯಲ್ಲಿ ಫೋಟೋ ಹಾಕಿಸಿದ್ದರು, ಹಾಗಾಗಿ ಬರಬೇಕಾದವರೆಲ್ಲ ಬಂದಿದ್ದರು. ಮಂಗಳವಾರದವರು ಒಂದೇ ಟೆಂಪೋದಲ್ಲಿ ಬಂದು ಇಳಿದರು. ತಲೆ ಬೆಳ್ಳಗಾಗಿದ್ದ ಮೇಟಗಳ್ಳಿಯವರು ಯಾರೂ ಹೇಳದೆಯೇ ಪಂಕ್ತಿಯಲ್ಲಿ ಮಜ್ಜಿಗೆ ಬಡಿಸುತ್ತಿದ್ದರು. ಅಗ್ರಹಾರದಾಕೆ ನನ್ನ ಹತ್ತಿರ ಬಂದು, ಗಂಡ ತೀರಿಕೊಂಡು ಎರಡು ವರ್ಷವಾಯಿತೆಂದರು. "ನಮ್ಮ ಕೆರೆ ಏರಿ ವಿಷಯ ಈಗ ಬೇಕಾದ್ರೆ ಬರೀರಿ ಸರ್. ಮೇಡಂಗೆ ಎಷ್ಟು ಕಷ್ಟ ಕೊಟ್ಬುಟ್ಟೆ ಅಂತ ಆಮೇಲೆ ಗೊತ್ತಾಯ್ತು." ಅದಕ್ಕೇ ಬರೆಯುತ್ತಿದ್ದೇನೆ.

ಅದೇ ಪಂಕ್ತಿಯಲ್ಲಿ ಕಣ್ಣಾಡಿಸುತ್ತಿದ್ದವನಿಗೆ ಟೀಚರ್ ಕಂಡರು. ಅವರಿಂದ ಎರಡು ಎಲೆ ಆಚೆ ಗೋಡೆಗೆ ಬೆನ್ನು ಕೊಟ್ಟು ಮಂಡಕಳ್ಳಿಯವರು. ಇಬ್ಬರೂ ತಲೆ ಬಗ್ಗಿಸಿ ಪಾಯಸ ಉಣ್ಣುತ್ತಿದ್ದರು. ಯಾವ ಗುರುತೂ ಇಲ್ಲ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗಿರುವಷ್ಟೂ ಇಲ್ಲ. ನನಗೆ ಬಾಳೆಹಣ್ಣಿನ ಅಂಗಡಿ ನೆನಪಾಯಿತು.

ಸಾವಿನ ಕಾರ್ಯಕ್ಕೆ ಹೋದವರು ಹೋಗಿಬರ್ತೀನಿ ಎಂದು ಹೇಳಿ ಹೊರಡುವ ಪದ್ಧತಿ ನಮ್ಮಲ್ಲಿಲ್ಲ. ನಾನೂ ಸುಮ್ಮನೆ ಜಾರಿಕೊಳ್ಳೋಣವೆಂದು ಚಪ್ಪಲಿ ಬಿಟ್ಟ ಕಡೆ ಬಂದೆ. ಹಿಂದೆಯೇ ಟೀಚರ್ ಬಂದರು. ಅವರೂ ನಿವೃತ್ತರಾಗಿದ್ದರು, ದನಿ ಮಾತ್ರ ಕ್ಲಾಸಿನದೇ.

"ಸರ್, ಒಂದು ಕೇಳ್ಬೇಕಿತ್ತು. ನಮ್ಮ ಗುಂಪು ಮುಗೀತಾ?"

ನನಗೆ ಅರ್ಥವಾಗಲಿಲ್ಲ. "ಏನಮ್ಮಾ ಹೀಗಂದ್ರೆ? ಹತ್ತು ವರ್ಷದ ಮೇಲಾಯ್ತಲ್ಲ."

"ಮುಗೀತು ಅಂತ ಮೇಡಂ ಹೇಳಲಿಲ್ಲವಲ್ಲ. ಅವರು ಹೇಳೋವರೆಗೂ ಆಚೆ ಮಾತಾಡೋ ಹಾಗಿಲ್ಲ ಅಂದಿದ್ರು." ಟೀಚರ್ ನನ್ನ ಭುಜದಾಚೆ ನೋಡುತ್ತಿದ್ದರು. ಮಂಡಕಳ್ಳಿಯವರು ಚಪ್ಪಲಿ ಹುಡುಕಲು ಬಗ್ಗಿದ್ದವರು ಹಾಗೆಯೇ ನಿಂತಿದ್ದರು. ಟೀಚರ್ ಅವರ ಜೊತೆ ಮಾತಾಡಲಿಲ್ಲ, ನನಗೇ ಹೇಳಿದರು. "ಇವರ ಮನೆಯವರು ತೀರಿಕೊಂಡಾಗ ಪೇಪರಲ್ಲಿ ನೋಡ್ದೆ ಸರ್. ಆವಮ್ಮನ ಬಗ್ಗೆ ಇವರು ಒಳಗೆ ಎಷ್ಟು ಹೇಳ್ತಿದ್ರು. ಮನಸ್ಸು ತಡೀಲಿಲ್ಲ, ಬಸ್ ಹತ್ತಿ ಮಂಡಕಳ್ಳಿಗೆ ಹೋದೆ. ಗೇಟಿನವರೆಗೂ ಹೋಗಿ, ಮಾತಾಡ್ಬಾರ್ದಲ್ಲ ಅಂತ ವಾಪಸ್ ಬಂದೆ."

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ಈ ಹೆಂಗಸಿನ ಮೇಲಲ್ಲ. ಜೀವನದಲ್ಲಿ ಯಾವ ಕಟ್ಟಿಗೂ ನಿಲ್ಲದೆ ಎಲ್ಲ ಬಾಗಿಲನ್ನೂ ಬಡಿದು ಹೋದ ಜೀವ ಇದು, ಒಂದು ಮಾತಿಗೆ ಹತ್ತು ವರ್ಷ ನಿಂತಿದೆ. ಗುರುವಾರದ ಗುಂಪು ಕೆಲಸ ಮಾಡಿತ್ತು ಎನ್ನುವುದಕ್ಕೆ ಇದಕ್ಕಿಂತ ಏನು ಬೇಕಿತ್ತು? ನಾನು ಹಾಲ್‌ನೊಳಗೆ ಹೂವಿನ ಹಾರ ಹಾಕಿದ್ದ ಫೋಟೋದ ಕಡೆ ನೋಡಿದೆ. ರೂಮು ಹುಡುಕುತ್ತ ಹುಡುಕುತ್ತ ಕೊನೆಗೆ ಈ ಕೆಲಸವನ್ನು ಚಪ್ಪಲಿಗಳ ನಡುವೆ ನನ್ನ ತಲೆಗೆ ಕಟ್ಟಿ ಹೋದಿರಲ್ಲ ಮೇಡಂ ಎಂದು ಗಂಟಲವರೆಗೂ ಬಂತು. ಅವರಿದ್ದಿದ್ದರೆ ಸೆರಗು ಸರಿಮಾಡಿಕೊಂಡು ಉಪ್ಪಿನಕಾಯಿ ಬೇಕಾ ಎನ್ನುತ್ತಿದ್ದರು.

ನಾನು ಇಬ್ಬರ ಕಡೆಗೂ ತಿರುಗಿದೆ. ಆ ಎರಡು ಪದಗಳನ್ನು ಅಷ್ಟು ವರ್ಷ ದ್ವೇಷಿಸಿದವನು ನಾನು, ಅವನ್ನು ಬಿಟ್ಟು ಬೇರೆ ಏನೂ ಬಾಯಿಗೆ ಬರಲಿಲ್ಲ.

"ಸಮಯ ಆಯ್ತು," ಎಂದೆ.

ಮಂಡಕಳ್ಳಿಯವರು ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟು ಟೀಚರ್ ಮುಖ ನೋಡಿದರು.

"ನೀವು ಗೇಟ್‌ತಾವ ನಿಂತಿದ್ದು ನೋಡ್ದೆ ಕಣಮ್ಮ," ಎಂದರು. "ಮಾತಾಡ್ಬಾರ್ದಲ್ಲಾ ಅಂದ್ಬುಟ್ಟು ನಾನೂ ಒಳಕ್ಕೋಗ್ಬುಟ್ಟೆ."

ಇಬ್ಬರೂ ಮಾತಾಡುತ್ತ ಬಸ್‌ಸ್ಟಾಪಿನ ಕಡೆ ನಡೆದರು. ನನಗೆ ಹೇಳಿ ಹೋಗಲಿಲ್ಲ.